ಎರಡು ಬಸ್ಸಿಗೊಂದು ಕಮಾನು

"ಅಕ್ಷಯ್, ನೀನ್ ಸೊನ್ನೆ. ನಡು ಗೆರೆ ಮೇನೆ ಹದಿನೆಂಟಡಿ ದೂರ ಹೋಯಿ ನಿಲ್ಲ್. ಅಲ್ಲಾಡುಕಾಗ."

"ನಾ ಸೊನ್ನೆ ಅಂಬುದ್ ನಮ್ಮನಿಯಗೂ ಹೇಳ್ತ್ರ್ ಟೀಚರ್" ಎಂದ ಅಕ್ಷಯ್.

ಹತ್ತನೇ ಕ್ಲಾಸು ನಕ್ಕ ಅಬ್ಬರಕ್ಕೆ ಮೈದಾನದ ಗೇರುಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಕುಂದಾಪುರದ ತನಕ ಹಾರಿಹೋಗಿ, ಸಂಜೆಯ ಬಸ್ಸಿನ ಟಾಪಿನ ಮೇಲೆ ಕೂತು ವಾಪಸು ಬಂದವು. ನಂಬದವರು ಬ್ರಹ್ಮಾವರಕ್ಕೆ ಬಂದು ಕಾಗೆಗಳನ್ನೇ ಕೇಳಬಹುದು.

ಚೇತನಾ ಟೀಚರು ಮಾತ್ರ ನಗಲಿಲ್ಲ. ಕಬಡ್ಡಿ ಅಂಕಣಕ್ಕೆಂದು ತಂದಿಟ್ಟಿದ್ದ ಸುಣ್ಣದ ಪುಡಿಯಲ್ಲಿ ಅವಳು ಮೈದಾನಕ್ಕೆ ಅಡ್ಡ ಒಂದು ಗೆರೆ, ಉದ್ದಕ್ಕೆ ಒಂದು ಗೆರೆ ಎಳೆದಿದ್ದಳು. ಎರಡು ಗೆರೆ ಕೂಡುವ ಜಾಗದಿಂದ ಅಡ್ಡಗೆರೆಯ ಮೇಲೆ ಎಡಕ್ಕೂ ಬಲಕ್ಕೂ ಎರಡೆರಡು ಅಡಿಗೆ ಒಂದೊಂದು ಗುರುತು. ಗುರುತಿಗೊಬ್ಬರಂತೆ ಮಕ್ಕಳು. ಗೋಡೆಯ ನೆರಳಿನಲ್ಲಿ, ಅಡಿಕೆ ಮರ ಸೀಳಿದ ದಬ್ಬೆಗಳ ರಾಶಿಯ ಮೇಲೆ, ಪ್ರೇಮಾನಂದಣ್ಣ ಎಲೆಯಡಿಕೆ ಜಗಿಯುತ್ತ ಕೂತಿದ್ದ.

ಈ ಪ್ರೇಮಾನಂದಣ್ಣ ಉಪ್ಪುಂದದವನು, ಪೆಂಡಾಲು ಹಾಕುವ ಕಸುಬಿನವನು. ಅರಬ್ಬಿ ಸಮುದ್ರಕ್ಕೆ ಒಂದು ಪೆಂಡಾಲು ಹಾಕಿಕೊಡು ಎಂದರೆ "ಕಂಬ ಎಷ್ಟಡಿಗ್ ಒಂದ್ ಬೇಕ್?" ಎಂದಷ್ಟೇ ಕೇಳುವ ಆಸಾಮಿ. ನಮ್ಮ ಹೈಸ್ಕೂಲಿಗೆ ಐವತ್ತು ವರ್ಷ ತುಂಬಿದ ಸಮಾರಂಭಕ್ಕೆ ಎದುರಿನ ರಸ್ತೆಗೆ ಅಡ್ಡಲಾಗಿ ಒಂದು ಸ್ವಾಗತ ಕಮಾನು ಆಗಬೇಕಿತ್ತು. ಅವನು ಹುಟ್ಟಿದಾಗಿನಿಂದ ಕಟ್ಟಿದ ಕಮಾನುಗಳೆಲ್ಲ ಹಂಚಿನ ಮಾಡಿನಂತೆ ಎರಡು ಇಳಿಜಾರಿನವು. ಸಮಿತಿಯವರಿಗೆ ಈ ಸಲ ಅದು ಬೇಡ, ಬಾಗಿದ್ದೇ ಬೇಕು. ಬಾಗಿಸಿ ನೋಡಿದ. ಒಂದು ಬದಿ ಕುಂಬಳಕಾಯಿಯಂತೆ ಉಬ್ಬಿತು, ಇನ್ನೊಂದು ಬದಿ ಪಡವಲಕಾಯಿಯಂತೆ ಇಳಿಬಿತ್ತು.

"ಬೊಂಬಾಯಗೆ ಇಪ್ಪತಿಗೆ ಎಂತೆಂತ ಕಟ್ಟಿದ್ದೆ ನಾ! ಇದ್ ಒಂದ್ ನನ್ನ ಮರ್ಯಾದಿ ತೆಗಿತ್ತ್" ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಚೇತನಾ ಟೀಚರು ಬಂದು ಕೇಳಿದ್ದಳು: "ಅಡಿಯಗೆ ಅಗ್ಲ ಎಷ್ಟ್, ನಡುವಗೆ ಎತ್ರ ಎಷ್ಟ್ ಹೇಳಿ ಪ್ರೇಮಾನಂದಣ್ಣ."

"ಅಗ್ಲ ಇಪ್ಪತ್ನಾಲ್ಕಡಿ. ಎತ್ರ ಹದಿನೆಂಟ್."

ಅವಳು ಕಡ್ಡಿ ತೆಗೆದುಕೊಂಡು ಮರಳಿನ ಮೇಲೆ ಬರೆದಳು. ನಡುವಿನಿಂದ ಎಷ್ಟು ಅಡಿ ದೂರವೋ ಆ ಸಂಖ್ಯೆಯ ವರ್ಗ ಮಾಡು, ಎಂಟರಿಂದ ಭಾಗಿಸು, ಹದಿನೆಂಟರಲ್ಲಿ ಕಳೆ. ಬಂದದ್ದು ಅಲ್ಲಿನ ಎತ್ತರ. "ಇಷ್ಟೇ" ಎಂದಳು. ಪ್ರೇಮಾನಂದಣ್ಣ ಆ ಮರಳನ್ನು ಮೂರು ಸುತ್ತು ಬಂದು ಕೈಮುಗಿದ.

ಚೇತನಾ ಟೀಚರು ಗಣಿತದಲ್ಲಿ ಬಿ.ಎಸ್ಸಿ., ಅದರ ಮೇಲೆ ಬಿ.ಇಡಿ. ಅವಳು ಕೂಡಿಸುವ ವೇಗಕ್ಕೆ ಬ್ರಹ್ಮಾವರದ ಅಂಗಡಿಯವರು ಕ್ಯಾಲ್ಕುಲೇಟರನ್ನು ಮೇಜಿನ ಕೆಳಗೆ ಅಡಗಿಸುತ್ತಿದ್ದರು. ಆದರೆ ಅತಿಥಿ ಶಿಕ್ಷಕಿ. ಸೇರಿದಂದಿನಿಂದ ಅವಳಿಗೆ ಸಿಕ್ಕಿದ್ದು ಹೊಲಿಗೆ ಪಿರಿಯಡು ಮತ್ತು ಡ್ರಿಲ್ ಪಿರಿಯಡು. ಹತ್ತನೇ ಕ್ಲಾಸಿನ ಗಣಿತವನ್ನು ಹೆಡ್ಮಾಷ್ಟ್ರು ಗುಣಪಾಲ ಸರ್ ಯಾರಿಗೂ ಬಿಟ್ಟುಕೊಟ್ಟವರಲ್ಲ. ಅವಳು ಆ ಕ್ಲಾಸಿನ ಕಿಟಕಿಯ ಪಕ್ಕ ನಡೆದು ಹೋಗುವಾಗ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಊರಿಗೆಲ್ಲ ಇದು ಗೊತ್ತಿತ್ತು, ಹೆಡ್ಮಾಷ್ಟ್ರಿಗೂ ಗೊತ್ತಿತ್ತು.

ಮೈದಾನದಲ್ಲಿ ಒಬ್ಬೊಬ್ಬರಾಗಿ ತಮ್ಮ ಲೆಕ್ಕ ಮಾಡಿಕೊಂಡು ಜಾಗಕ್ಕೆ ಹೋಗುತ್ತಿದ್ದರು. ದಿವ್ಯಾಳದ್ದು ಮಾತ್ರ ತಕರಾರು.

"ನವ್ಯಾಗೆ ನಾಲ್ಕ್ ಕೊಟ್ಟ್ರಿ. ನಂಗೆ ಎಂತಕೆ ಮೈನಸ್ ನಾಲ್ಕ್ ಟೀಚರ್? ನಾ ಎಂತ ಮಾಡಿದ್ದೆ?"

"ನೀ ಎಡಬದಿಗೆ ನಿಂತಿದ್ದಿ ಮಾರಾಯ್ತಿ, ಅದ್ಕೆ. ವರ್ಗ ಮಾಡ್ ಕಾಂಬ."

"ಮೈನಸ್ ನಾಲ್ಕ್, ಮೈನಸ್ ನಾಲ್ಕ್... ಹದ್ನಾರ್. ಎಂಟ್ರಗೆ ಭಾಗ್ಸ್‌ರೆ ಎರ್ಡ್. ಹದಿನೆಂಟ್ರಗೆ ಎರ್ಡ್ ಹೋರೆ..." ದಿವ್ಯಾ ಬಲಕ್ಕೆ ತಿರುಗಿ ನೋಡಿದಳು. ನವ್ಯಾ ಆಗಲೇ ಹದಿನಾರು ಅಡಿಯ ಮೇಲೆ ನಿಂತು ಹಲ್ಲು ಕಿರಿಯುತ್ತಿದ್ದಳು. "ಅಯ್ಯೋ, ಇವ್ಳ್ ಎತ್ರವೇ ನಂದೂ!"

ಎಲ್ಲರೂ ನಿಂತಾದ ಮೇಲೆ ತಿರುಗಿ ತಮ್ಮ ಸಾಲನ್ನೇ ನೋಡಿಕೊಂಡರು. ಎರಡು ತುದಿಯವರು ಅಡ್ಡಗೆರೆಯ ಮೇಲೆಯೇ. ಅಲ್ಲಿಂದ ಸಾಲು ಸರ್ರನೆ ಏರಿ, ಏರಿದಂತೆ ಏರುವುದನ್ನು ಕಡಿಮೆ ಮಾಡುತ್ತ, ಅಕ್ಷಯನ ಹತ್ತಿರ ಬಂದು ಮೆಲ್ಲನೆ ಮಗುಚಿ ಆಚೆ ಇಳಿದಿತ್ತು. ಪ್ರೇಮಾನಂದಣ್ಣ ಮಕ್ಕಳ ಕಾಲ್ಬೆರಳ ಎದುರು ಒಂದೊಂದು ಗೂಟ ಹೊಡೆದು ದಬ್ಬೆ ಬಾಗಿಸಿದ. ದಬ್ಬೆ ತಾನೇ ದಾರಿ ಗೊತ್ತಿದ್ದಂತೆ ಗೂಟದಿಂದ ಗೂಟಕ್ಕೆ ಹೋಯಿತು.

ಆಗಲೇ ಗುಣಪಾಲ ಸರ್ ಆಫೀಸಿನ ಜಗಲಿಯಿಂದ ಇಳಿದು ಬಂದದ್ದು. ಅವರು ಬಂದರೆ ಮೈದಾನದ ಹುಲ್ಲು ಕೂಡ ಎದ್ದು ನಿಲ್ಲುವುದು ವಾಡಿಕೆ.

"ಇದೆಂತ ಟೀಚರೇ? ಡ್ರಿಲ್ ಪಿರಿಯಡಗೆ ಮಕ್ಳ್ ಸೀದಾ ಸಾಲಗೆ ನಿಲ್ಲುದ್ ಬಿಟ್ಟ್ ಹಿಂಗ್ ಬಗ್ಗಿ ನಿಂತದ್?"

"ಪರವಲಯ ಸರ್."

"ಪರವಲಯ ಮಾಡೂಕೆ ನಾ ಇದ್ದೆ."

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹದಿನೆಂಟಡಿಯ ತುದಿಯಿಂದ ಅಕ್ಷಯ್ ಕೂಗಿ ಹೇಳಿದ: "ಸರ್, ಅದ್ ಬಗ್ಗೂದ್ ಎಂತಕೆ ಅಂತೇಳಿ ಇವತ್ತ್ ಗೊತ್ತಾಯ್ತ್ ಸರ್!"

ಹುಡುಗ ಸಂತೋಷಕ್ಕೆ ಹೇಳಿದ್ದು. ಆದರೆ ಗುಣಪಾಲ ಸರ್ ಮುಖ ಮೊದಲು ಕೋಕಂ ಹಣ್ಣಿನಷ್ಟು, ಆಮೇಲೆ ಅದರ ಸಾರಿನಷ್ಟು ಕೆಂಪಾಯಿತು. ಸಮಿತಿಯವರು ಚಾ ಕುಡಿಯುತ್ತಿದ್ದ ಜಗಲಿಯ ಕಡೆಗೆ ಕೇಳುವಂತೆ ಅವರು ಗಟ್ಟಿಯಾಗಿ ಹೇಳಿದರು: "ನೆಲದ ಮೇನೆ ಯಾರೂ ಬಗ್ಸುಲಕ್ಕ್ ಟೀಚರೇ. ಅದ್ ರಸ್ತೆ ಮೇನೆ ನಿಲ್ಲಲಿ. ಅದ್ರಡಿ ನಮ್ಮೂರ್ ಬಸ್ ಹೋಯ್ಲಿ. ಸಮಾರಂಭ ಮುಗ್ದ್ ಮರ್ದಿನದಿಂದ ಹತ್ತನೇ ಕ್ಲಾಸಿನ ಲೆಕ್ಕ ನಿಮ್ದೇ. ಹೋಯ್ಲಿಲ್ಲ ಅಂದ್ರೆ, ಮತ್ತೆ ಆ ಕ್ಲಾಸಿನ ಕಿಟ್ಕಿ ಹತ್ರವೂ ಕಾಂಬುಕಾಗ."

ಕಿಟಕಿಯ ಮಾತು ಬಂದಾಗ ಚೇತನಾ ಟೀಚರು ಸುಣ್ಣದ ಪೊಟ್ಟಣದ ಬಾಯಿ ಮಡಚಿದಳು. "ಆಯ್ತ್ ಸರ್" ಎಂದಳು.

ಅವಳು ಅರ್ಧಂಬರ್ಧ ಕೆಲಸದವಳಲ್ಲ. ಮರುದಿನ ಅಳತೆಯ ಟೇಪು ಹಿಡಿದು ಬಸ್‌ಸ್ಟ್ಯಾಂಡಿಗೇ ಹೋದಳು. ಅಲ್ಲಿ 'ಜಲರಾಣಿ' ಬಸ್ಸಿನ ಡ್ರೈವರು ಪ್ರವೀಣ ಸ್ಟೇರಿಂಗಿನ ಮೇಲೆ ಗಲ್ಲ ಊರಿಕೊಂಡು ಕೂತಿದ್ದ. ಹೊಲಿಗೆ ಟೀಚರು ತನ್ನ ಬಸ್ಸಿನ ಎದೆಗೆ ಟೇಪು ಹಿಡಿದದ್ದನ್ನು ಕಂಡು ತಲೆ ಹೊರಗೆ ಹಾಕಿದ.

"ಎಂತ ಟೀಚರೇ, ಬಸ್ಸಿಗ್ ಅಂಗಿ ಹೊಲಿತ್ರಿಯಾ?"

"ಹೌದ್. ತೋಳ್ ಗಿಡ್ಡ ಸಾಕಾ, ಉದ್ದ ಬೇಕಾ?"

ಬಸ್ಸಿನ ಅಗಲ ಎಂಟಡಿ. ಟಾಪಿನ ಮೇಲಿನ ಸಾಮಾನು ಸೇರಿ ಎತ್ತರ ಹನ್ನೊಂದು. ಬಸ್ಸು ಕಮಾನಿನ ನಟ್ಟನಡುವೆ ಹೋದರೆ ಅದರ ಮೂಲೆ ನಡುವಿನಿಂದ ನಾಲ್ಕಡಿ ಆಚೆ, ಅಂದರೆ ನವ್ಯಾ ನಿಂತ ಜಾಗ, ಹದಿನಾರಡಿ ಎತ್ತರ. ಬಸ್ಸಿನ ಮೇಲೆ ಐದಡಿ ಖಾಲಿ. ಪ್ರವೀಣ ಬೇಕಾದರೆ ಟಾಪಿನ ಮೇಲೆ ಒಂದು ಹಸುವನ್ನು ನಿಲ್ಲಿಸಿಕೊಂಡು ಹೋಗಬಹುದಿತ್ತು. ಚೇತನಾ ಟೀಚರು ಹಾಡು ಗುನುಗುತ್ತ ಮನೆಗೆ ಹೋದಳು.

ಸಮಾರಂಭದ ಮುನ್ನಾದಿನ ಬೆಳಿಗ್ಗೆ ಕಮಾನು ಎದ್ದಿತು. ದಬ್ಬೆಗೆ ಬಿಳಿ ಬಟ್ಟೆ, ಬಟ್ಟೆಗೆ ತೆಂಗಿನ ಗರಿ, ಗರಿಗೆ ಮಾವಿನ ತೋರಣ. ಎಡಬಲ ಕೂದಲೆಳೆ ವ್ಯತ್ಯಾಸವಿಲ್ಲ. ಅಂಥ ಕಮಾನು ಬ್ರಹ್ಮಾವರದಲ್ಲಿ ಇರಲಿ, ಬೈಂದೂರು ದಾಟಿದರೂ ಯಾರೂ ಕಂಡಿರಲಿಲ್ಲ. ದಾರಿಯಲ್ಲಿ ಹೋಗುವ ಎತ್ತುಗಳೂ ಅದರಡಿ ಸ್ವಲ್ಪ ಕತ್ತು ನೆಟ್ಟಗೆ ಮಾಡಿಕೊಂಡು ನಡೆದವು. ಹಾಲಿನ ವ್ಯಾನು ನಡುವೆ ಹೋಯಿತು. ಇಟ್ಟಿಗೆಯ ಲಾರಿ ನಡುವೆ ಹೋಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಗುಣಪಾಲ ಸರ್ ಗೇಟಿನಲ್ಲಿ ಕೈಕಟ್ಟಿ ನಿಂತು "ಬಸ್ ಬರ್ಲಿ" ಎಂದರು.

ಬಸ್ಸು ಬಂತು. ಒಂದಲ್ಲ.

ನಮ್ಮೂರಿನ ಪ್ರೈವೇಟ್ ಬಸ್ಸುಗಳ ವಿಷಯ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಪ್ರವೀಣನ ಜಲರಾಣಿಯ ಟೈಮಿಗೂ ಕಿಟ್ಟನ 'ಚಂದ್ರಕಲಾ'ದ ಟೈಮಿಗೂ ನಡುವೆ ಇರುವುದು ಒಂದು ಆಕಳಿಕೆಯಷ್ಟು ಅಂತರ. ಮುಂದೆ ಹೋದವನಿಗೆ ಜನ, ಹಿಂದೆ ಉಳಿದವನಿಗೆ ಧೂಳು. ಹಾಗಾಗಿ ಅವೆರಡೂ ಒಂದರ ಹಿಂದೆ ಒಂದು ಹೋದದ್ದನ್ನು ಕಂಡವರಿಲ್ಲ. ಒಂದರ ಪಕ್ಕ ಒಂದು, ಕಿಟಕಿಯಿಂದ ಕಿಟಕಿಗೆ ಬೈದುಕೊಳ್ಳುತ್ತ, ಆಚೆ ಬಸ್ಸಿನವರು ಈಚೆ ಬಸ್ಸಿನವರಿಗೆ ಎಲೆಯಡಿಕೆ ದಾಟಿಸುವಷ್ಟು ಹತ್ತಿರದಲ್ಲಿ ಹೋಗುವುದೇ ಪದ್ಧತಿ.

ಈ ಸಲವೂ ಹಾಗೇ ಬಂದವು. ಎಡಕ್ಕೆ ಜಲರಾಣಿ, ಬಲಕ್ಕೆ ಚಂದ್ರಕಲಾ. ಜಲರಾಣಿಯ ಟಾಪಿನ ಮೇಲೆ, ಒಳಗೆ ಕೂತಿದ್ದ ಮೀನು ಮಾರುವ ವನಜಕ್ಕನ ಬುಟ್ಟಿ. "ಹ್ವಾಯ್! ನಡುವಗೆ ಬಾ! ನಡುವಗೆ!" ಎಂದು ಪ್ರೇಮಾನಂದಣ್ಣ ಕೂಗಿದ್ದನ್ನು ಇಬ್ಬರೂ ತನಗೇ ಹೇಳಿದ್ದೆಂದು ತಿಳಿದು ಇನ್ನಷ್ಟು ಒತ್ತಿದರು.

ಢಬ್ ಎಂದ ಸದ್ದು ಒಂದೇ ಬಾರಿ ಕೇಳಿತು, ಎರಡೂ ಕಡೆಯಿಂದ. ಜಲರಾಣಿಯ ಎಡಮೂಲೆ ಕಮಾನಿನ ಎಡ ತೋಳಿಗೆ, ಚಂದ್ರಕಲಾದ ಬಲಮೂಲೆ ಬಲ ತೋಳಿಗೆ. ಕಮಾನು ನೆಲ ಬಿಟ್ಟೆದ್ದು ಎರಡು ಬಸ್ಸಿನ ಮೂತಿಗೂ ಒಂದೇ ಬಾಸಿಂಗ ಕಟ್ಟಿದಂತೆ ಕೂತುಬಿಟ್ಟಿತು. ಮೀನಿನ ಬುಟ್ಟಿ ತೋರಣಕ್ಕೆ ಸಿಕ್ಕಿ ಮಗುಚಿತು. ಬಂಗುಡೆಗಳು ಮೇಲೆದ್ದು, ಆಕಾಶದಲ್ಲಿ ಒಂದು ಗಳಿಗೆ ಯೋಚನೆ ಮಾಡಿ, ಬಾಗಿದ ದಾರಿಯಲ್ಲೇ ಇಳಿದವು. ಅದರಲ್ಲಿ ಒಂದು ನೇರ ಗುಣಪಾಲ ಸರ್ ಅಂಗಿಯ ಕಿಸೆಗೆ, ಪೆನ್ನಿನ ಪಕ್ಕಕ್ಕೆ.

"ನೀ ಎಂತಕಾ ಒತ್ತದ್ದ್?" ಎಂದು ಪ್ರವೀಣ ಕೂಗಿದ.

"ನಾ ಒತ್ತದ್ದಾ? ನಿನ್ನ ಬಸ್ಸಿಗ್ ರಸ್ತೆ ನಿನ್ನಜ್ಜ ಬಳುವಳಿ ಕೊಟ್ಟದ್ದಾ?" ಎಂದ ಕಿಟ್ಟ.

ವನಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. "ಇಬ್ರೂ ಬಾಯ್ ಮುಚ್ಚಿ! ಮೀನ್ ಹೆಕ್ಕಿ ಮೊದ್ಲ್!"

ಡ್ರೈವರುಗಳಿಬ್ಬರೂ ಬಾಯಿ ಮುಚ್ಚಿ ಮೀನು ಹೆಕ್ಕಿದರು. ಗುಣಪಾಲ ಸರ್ ಮಾತ್ರ ಕಮಾನಿನ ಸೊಟ್ಟ ತೋಳನ್ನು ನೋಡುತ್ತ ಚೇತನಾ ಟೀಚರ ಹತ್ತಿರ ಬಂದರು.

"ಲೆಕ್ಕ ತಪ್ಪಿತ್ ಟೀಚರೇ."

ಅವಳು ಎರಡು ಬಸ್ಸುಗಳನ್ನು ನೋಡಿದಳು, ಕಮಾನನ್ನು ನೋಡಿದಳು, ತುಟಿ ಅಲುಗಿಸಿ ಹದಿನೆಂಟರಲ್ಲಿ ಏನೋ ಕಳೆದಳು.

"ಲೆಕ್ಕ ಸರಿ ಇತ್ತ್ ಸರ್. ನಾ ಬಸ್ಸನ್ನ ತಪ್ಪ್ ಜಾಗ್ದಗೆ ಇಟ್ಟೆ. ನಡುವಗೆ ಇಟ್ಟೆ." ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಂತಿತ್ತು. "ಹುಟ್ಟಿದಾಗ್ಳಿಂದ ಈ ಊರಗೆ ಇದ್ದೆ. ಇಲ್ಲಿ ಯಾವ್ ಬಸ್ ರಸ್ತೆ ನಡುವಗೆ ಒಂದೇ ಹೋಯ್ತ್? ನಮ್ಮೂರ್ ಬಸ್ ಅಂದ್ರೆ ಎರ್ಡ್ ಬಸ್. ನಡುವಿಂದ ಒಂಬತ್ತಡಿ ಆಚಿಗೆ ಬತ್ತ್ ಅದ್ರ ಮೂಲೆ. ಅಲ್ಲ್ ನನ್ ಕಮಾನ್ ಎಂಟಡಿಯೂ ಇಲ್ಲೆ."

"ಹೋಯ್ಲಿಲ್ಲ ಅಂಬುದೇ ಅಲ್ದಾ ಅದ್ರ ಅರ್ಥ?"

"ಸಮಾರಂಭ ನಾಳೆ ಅಲ್ದಾ ಸರ್. ಸಂಜಿ ತನ್ಕ ಬಿಡಿ."

ಗುಣಪಾಲ ಸರ್ ಇಲ್ಲವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ವನಜಕ್ಕ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಎದುರು ಬಂದು ನಿಂತಳು. "ಹೆಡ್ಮಾಷ್ಟ್ರೇ, ನನ್ ಬಂಗಡಿ ನಿಮ್ಮ್ ಕಿಸಿಯಗಿತ್ತ್. ಅದ್ ಕೊಟ್ಟ್ ಮತ್ತೆ ಮಾತಾಡಿ."

ಇಡೀ ಹೈಸ್ಕೂಲು ನೋಡುತ್ತಿರುವಾಗ ಕಿಸೆಯಿಂದ ಬಂಗುಡೆಯನ್ನು ಬಾಲ ಹಿಡಿದು ತೆಗೆಯುವುದು ಯಾವ ಹೆಡ್ಮಾಷ್ಟ್ರಿಗೂ ಸುಲಭವಲ್ಲ. ತೆಗೆದುಕೊಟ್ಟು, "ಸಂಜಿ ತನ್ಕ" ಎಂದು ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಪ್ರೇಮಾನಂದಣ್ಣ ಮುರಿದ ದಬ್ಬೆಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. "ಟೀಚರೇ, ಸಂಜಿ ಒಳ್ಗೆ ಬೇರೆ ಬಗ್ಸುಕೆ ದೇವೇಂದ್ರಂಗೂ ಆಪ್ದಿಲ್ಲ."

"ಬಗ್ಸುದ್ ಬೇಡ. ಮುರ್ದ ದಬ್ಬಿ ಬದ್ಲ್ ಮಾಡಿ, ಅದೇ ಗೂಟಕ್ಕೇ ಕಟ್ಟಿ. ಬಗ್ಗಿದ್ದ್ ಅದೇ ಇರ್ಲಿ, ಇಡೀ ಕಮಾನ್ ಎಂಟಡಿ ಎತ್ತುವ."

"ಹಂಗಾರೆ ಲೆಕ್ಕ ಎಲ್ಲ ಮತ್ತೆ ಮೊದ್ಲಿಂದ?"

"ಇಲ್ಲೆ. ಹದಿನೆಂಟ್ ಇದ್ದಲ್ಲ್ ಇಪ್ಪತ್ತಾರ್ ಬರೆದ್ರಾಯ್ತ್. ಅಷ್ಟೇ."

ಪ್ರೇಮಾನಂದಣ್ಣ ಅವಳನ್ನು ಅನುಮಾನದಿಂದ ನೋಡಿದ. ಸುತ್ತ ನಿಂತಿದ್ದ ಮಕ್ಕಳು ಕಾಯಲಿಲ್ಲ. "ಟೀಚರ್, ನಾ ಇಪ್ಪತ್ನಾಲ್ಕ್!" ಎಂದಳು ನವ್ಯಾ. "ನಾನೂ ಇಪ್ಪತ್ನಾಲ್ಕ್!" ಎಂದಳು ದಿವ್ಯಾ. ತುದಿಯಲ್ಲಿ ಸೊನ್ನೆ ಎತ್ತರಕ್ಕೆ ನಿಂತಿದ್ದವರಿಬ್ಬರು ತಾವೂ ಎಂಟಡಿ ಮೇಲಕ್ಕೆ ಹೋದೆವೆಂದು ಕುಣಿದಾಡಿದರು. ಪ್ರತಿಯೊಬ್ಬರೂ ಎಂಟು ಕೂಡಿಸಿಕೊಂಡು ತಂತಮ್ಮ ಹೊಸ ಎತ್ತರವನ್ನು ಕೂಗಿದ ಗದ್ದಲ ಬಾರ್ಕೂರಿನ ಕೋಟೆಗೂ ಕೇಳಿ, ಅಲ್ಲಿನ ಕಲ್ಲುಗಳು ಎರಡು ಅಂಗುಲ ಸರಿದು ಕೂತವು.

"ಇಷ್ಟ್ ಸಸಾರದ ಲೆಕ್ಕ ಇತ್ತ್ ಅಂತ ಬೊಂಬಾಯಗೆ ಒಬ್ಬ್ರೂ ಹೇಳ್ಲಿಲ್ಲೆ ಕಾಣಿ ನಂಗೆ" ಎಂದು ಪ್ರೇಮಾನಂದಣ್ಣ ಎದ್ದ.

ಅಡಿಕೆ ಮರದ ದಪ್ಪ ಕಂಬಗಳು ಬಂದವು. ರಸ್ತೆಯ ಎರಡೂ ಬದಿಗೆ ಆಳ ಗುಂಡಿ, ಗುಂಡಿಗೆ ಕಂಬ, ಕಂಬಕ್ಕೆ ಕಲ್ಲಿನ ಒತ್ತು. ಕಡಲ ಗಾಳಿಗೆ ಅಲುಗದಂತೆ ನಾಲ್ಕು ಕಡೆಗೂ ಹಗ್ಗ. ಕಮಾನನ್ನು ಎತ್ತುವಾಗ ಸಮಿತಿಯ ಅಧ್ಯಕ್ಷರಿಂದ ಹಿಡಿದು ಎದುರಂಗಡಿಯ ಭಟ್ಟರವರೆಗೆ ಎಲ್ಲರೂ ಹಗ್ಗ ಎಳೆದರು. ಪ್ರೇಮಾನಂದಣ್ಣನ "ಏಲೇಸಾ"ಕ್ಕೆ ಮಳೆಗಾಲ ಮುಗಿದು ತಿಂಗಳಾದರೂ ಒಂದು ಗುಡುಗು ಮರುದನಿ ಕೊಟ್ಟಿತು. ಬಿಸಿಲು ಇಳಿಯುವಷ್ಟರಲ್ಲಿ ಅದೇ ಬಾಗು, ಅದೇ ತೋರಣ, ಎಂಟಡಿ ಮೇಲೆ.

ಸಂಜೆ ಎರಡೂ ಬಸ್ಸು ತಿರುಗಿ ಬಂದವು. ಊರೆಲ್ಲ ರಸ್ತೆಯ ಬದಿಯಲ್ಲಿ. ಗುಣಪಾಲ ಸರ್ ಬೇರೆ ಅಂಗಿ ಹಾಕಿಕೊಂಡು ಗೇಟಿನಲ್ಲಿ. ಆಗ ನಡೆದದ್ದು ನಮ್ಮೂರಿನ ಇತಿಹಾಸದಲ್ಲಿ ಹಿಂದೆಂದೂ ನಡೆಯದ ಸಂಗತಿ. ಕಮಾನಿನಿಂದ ಈಚೆ ಜಲರಾಣಿ ನಿಂತಿತು. ಅದರ ಪಕ್ಕ ಚಂದ್ರಕಲಾ ನಿಂತಿತು.

"ನೀ ಹೋಗ್ ಕಿಟ್ಟಣ್ಣ ಮೊದ್ಲ್" ಎಂದ ಪ್ರವೀಣ.

"ಛೆ, ನೀ ಹೋಗ್ ಮಾರಾಯ. ನಂದ್ ಎಂತ ಅರ್ಜೆಂಟಿಲ್ಲೆ."

"ದೊಡ್ಡೋರ್ ನೀವ್."

"ಟೈಮ್ ನಿಂದ್ ಅಲ್ದಾ?"

ಚೇತನಾ ಟೀಚರಿಗೆ ಅಳು ಬರುವುದೊಂದು ಬಾಕಿ. ಒಂದೊಂದೇ ನಡುವೆ ಹೋದರೆ ಹಳೆಯ ಕಮಾನಿನಡಿಯೂ ಹೋಗಬಹುದಿತ್ತು. ಗುಣಪಾಲ ಸರ್ ಅದನ್ನೇ ಹೇಳುತ್ತಾರೆ. ಎರಡೂ ಒಟ್ಟಿಗೆ ಹೋಗಬೇಕು. ಆದರೆ ಬೆಳಿಗ್ಗೆ ಕನ್ನಡಿ ಒಡೆಸಿಕೊಂಡು ಮಾಲೀಕರಿಂದ ಬೈಸಿಕೊಂಡ ಇಬ್ಬರೂ ಮದುವೆಮನೆಯ ಬೀಗರಂತೆ ಉಪಚಾರದಲ್ಲಿ ತೊಡಗಿದ್ದರು.

ಬೆಳಗಿನ ಸಿಟ್ಟಿಗೆ ವನಜಕ್ಕ ಈಗ ಪ್ರವೀಣನ ಬಸ್ಸು ಬಿಟ್ಟು ಕಿಟ್ಟನ ಬಸ್ಸಿನಲ್ಲಿ ಕೂತಿದ್ದಳು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಚೇತನಾ ಟೀಚರ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಊರಿಗೆಲ್ಲ ಕೇಳುವಂತೆ ಹೇಳಿದಳು:

"ಕಿಟ್ಟ, ಸುಮ್ನೆ ನಿಲ್ಲ್ ಮಗಾ. ಪ್ರವೀಣ ಹೆದ್ರಿದ್ದ. ಪಾಪ, ಹೆದ್ರಿದ್ ಗಂಡಿನ್ ಎದ್ರಿಗೆ ಓಡ್ಸುಕಾಗ."

ಜಲರಾಣಿಯ ಇಂಜಿನ್ನು ಗುರ್ರೆಂದಿತು. "ಯಾರ್ ಹೆದ್ರದ್ದ್?"

"ನೀನೇ" ಎಂದ ಕಿಟ್ಟ, ಗೇರು ಹಾಕುತ್ತ.

ಮತ್ತೆ ಹಾರ್ನು, ಮತ್ತೆ ಬೈಗುಳ, ಮತ್ತೆ ಕಿಟಕಿಗೆ ಕಿಟಕಿ. ಎರಡೂ ಬಸ್ಸು ಒಟ್ಟಿಗೆ, ಒಂದರ ಮೈಗೆ ಒಂದು ಉಜ್ಜುವಷ್ಟು ಹತ್ತಿರ, ಕಮಾನಿನೊಳಗೆ ನುಗ್ಗಿದವು. ಊರು ಕಣ್ಣು ಮುಚ್ಚಿತು. ತೆರೆದಾಗ ಬಸ್ಸುಗಳು ಆಚೆ ತಿರುವಿನಲ್ಲಿದ್ದವು, ಇನ್ನೂ ಒಟ್ಟಿಗೇ. ಮೇಲೆ ಮಾವಿನ ಎಲೆಗಳು ಅವು ಎಬ್ಬಿಸಿದ ಗಾಳಿಗೆ ಓಲಾಡುತ್ತಿದ್ದವು, ಒಂದೂ ಉದುರಿರಲಿಲ್ಲ.

ಮಕ್ಕಳ ಕೇಕೆಯ ನಡುವೆ ಗುಣಪಾಲ ಸರ್ ತಲೆಯೆತ್ತಿ ಕಮಾನಿನ ನೆತ್ತಿಯನ್ನು ನೋಡಿದರು.

"ಇಪ್ಪತ್ತಾರಾ?" ಎಂದು ಕೇಳಿದರು.

"ಇಪ್ಪತ್ತಾರ್ ಸರ್."

"ಹ್ಞೂಂ" ಎಂದು ಒಳಗೆ ಹೋದರು.

ಸಮಾರಂಭದ ವರ್ಣನೆ ಬೇಡ. ಭಾಷಣಗಳು ಎಷ್ಟು ಉದ್ದವಿದ್ದವೆಂದರೆ ಬಾಲವಾಡಿಯ ಮಕ್ಕಳಿಗೆ ಅಲ್ಲೇ ಮೀಸೆ ಬಂತು. ಅದು ಮುಗಿದ ಮರುದಿನ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಗುಣಪಾಲ ಸರ್ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಕೈ ಚಾಚಿದರು.

"ಟೀಚರೇ, ಆ ಡ್ರಿಲ್ ಪೀಪಿ ಇಲ್ ಕೊಡಿ."

ಚೇತನಾ ಟೀಚರು ಕೊರಳಿನಿಂದ ತೆಗೆದು ಕೊಟ್ಟಳು. ಅವರು ಅದನ್ನು ತಮ್ಮ ಕೊರಳಿಗೆ ಹಾಕಿಕೊಂಡು, ಟೈ ಸರಿಮಾಡುವವರಂತೆ ಒಮ್ಮೆ ಸರಿಮಾಡಿ, ಮೈದಾನಕ್ಕೆ ಇಳಿದರು.

ಹತ್ತನೇ ಕ್ಲಾಸಿನ ಬಾಗಿಲು ಹೊರಗಿನಿಂದ ಕಾಣುತ್ತಿದ್ದುದಕ್ಕಿಂತ ಚಿ‌ಕ್ಕದಾಗಿತ್ತು. ಅವಳು ಒಳಗೆ ಕಾಲಿಟ್ಟಾಗ ಮಕ್ಕಳು ಎದ್ದು ನಿಂತರು. ಎಲ್ಲರ ಕಣ್ಣು ಕರಿಹಲಗೆಯ ಮೇಲಿತ್ತು. ಅಲ್ಲಿ ಗುಣಪಾಲ ಸರ್ ಕೊನೆಯ ಪಾಠದ ನಕ್ಷೆ ಹಾಗೇ ಉಳಿದಿತ್ತು. ಅಕ್ಷಗಳು ಅಚ್ಚುಕಟ್ಟು, ಚುಕ್ಕಿಗಳು ದುಂಡಗೆ. ಚುಕ್ಕಿಯಿಂದ ಚುಕ್ಕಿಗೆ ಮಾತ್ರ ಸ್ಕೇಲು ಇಟ್ಟು ಎಳೆದ ನೇರ ಗೆರೆಗಳು. ಅಷ್ಟೂ ಸೇರಿ ಪರವಲಯವು ಮೂಲೆಮೂಲೆ ಚುಚ್ಚುವ ಒಂದು ಮುರುಕು ಬೇಲಿಯಂತೆ ಕಾಣುತ್ತಿತ್ತು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಷಯ್ ಡಸ್ಟರು ಹಿಡಿದು ಎದ್ದ. "ಪೂರಾ ಒರ್ಸುಕಾ ಟೀಚರ್?"

"ಇಲ್ಲ್ ತಾ."

ಅವಳು ಡಸ್ಟರನ್ನು ಬದಿಗಿಟ್ಟು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಎರಡು ಚುಕ್ಕಿಗಳ ನಡುವಿನ ಗೆರೆಯನ್ನು ಮೆಲ್ಲಗೆ ಒರೆಸಿದಳು. ಮುಂದಿನ ಎರಡರ ನಡುವಿನದನ್ನು ಒರೆಸಿದಳು. ಹೊರಗೆ ಮೈದಾನದಲ್ಲಿ ಪೀಪಿ ಒಂದು ಸಲ ಅಡ್ಡಾದಿಡ್ಡಿ ಊದಿ ನಿಂತು, ಎರಡನೇ ಸಲ ಸ್ವಲ್ಪ ಸರಿಯಾಗಿ ಊದಿತು. ಗೆರೆಗಳೆಲ್ಲ ಹೋದ ಕರಿಹಲಗೆಯ ಮೇಲೆ ಚುಕ್ಕಿಗಳು ಇದ್ದಲ್ಲೇ ಇದ್ದವು, ಒಂದೂ ಅಳಿಸಿಹೋಗಿರಲಿಲ್ಲ.